ಬಟನ್ ಒತ್ತುವ ಕೆಲಸವೋ, ಮಷಿನಿಸ್ಟ್ ಕೆಲಸವೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಲೇತ್ (ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಮಷಿನ್), ಮಿಲ್ಲಿಂಗ್ (ತಿರುಗುವ ಕಟ್ಟರ್‌ನಿಂದ ಕತ್ತರಿಸುವುದು), ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಷಿನ್) ಕೆಲಸ ಕಲಿಯುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರ ಕಡಿಮೆ, ವಾಟ್ಸಾಪ್ ಜಾಸ್ತಿ ಬಂತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ, ಯಾಕಂದರೆ ಕೆಲವರು ತಮ್ಮ ಕಂಪನಿ ಬಗ್ಗೆ ಖಾರವಾಗಿಯೇ ಬರೆದಿದ್ದಾರೆ.

ಎಸ್ಸೆಸ್ಸೆಲ್ಸಿ ಪಾಸಾಗಿದೆ, ಶೇ. 61. ಅಪ್ಪ ಪಿಯುಸಿ ಸೇರು ಅಂತಾರೆ, ನನಗೆ ಮಷಿನ್ ಕೆಲಸ ಇಷ್ಟ. ಐಟಿಐಯಲ್ಲಿ ಫಿಟ್ಟರ್, ಟರ್ನರ್, ಮಷಿನಿಸ್ಟ್ ಅಂತ ಮೂರು ಇವೆ. ಯಾವುದು ತಗೊಳ್ಳಲಿ ಸರ್? (ಶಿರಾ)

ತಮ್ಮಾ, ಮೊದಲು ಅಪ್ಪನ ವಿಷಯ. ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗಿಯಿತು ಅನ್ನೋ ಭಯ ಅವರದು. ಆ ಭಯಕ್ಕೆ ಈಗ ಕಾರಣ ಇಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರಿಗೆ ಬಿಇ ಎರಡನೇ ವರ್ಷಕ್ಕೆ ದಾರಿ ಇದೆ. ಇದನ್ನು ಅಪ್ಪನಿಗೆ ಓದಿ ಹೇಳು.

ಮೂರೂ ಎರಡು ವರ್ಷದ ಟ್ರೇಡ್. ಮೂರಕ್ಕೂ ಎಸ್ಸೆಸ್ಸೆಲ್ಸಿ ಸಾಕು. ಫಿಟ್ಟರ್ ಅಂದರೆ ವೈಸ್ ಮುಂದೆ ಅರ ಹಿಡಿಯುವುದು, ಜೋಡಿಸುವುದು, ಮಷಿನ್ ಕೆಟ್ಟರೆ ಬಿಚ್ಚುವುದು. ಫಿಟ್ಟರ್ ಬೇಡ ಅನ್ನುವ ಫ್ಯಾಕ್ಟರಿ ಇಲ್ಲ, ಅದಕ್ಕೇ ಆ ಸೀಟಿಗೆ ನೂಕುನುಗ್ಗಲು. ಟರ್ನರ್ ಅಂದರೆ ಮುಖ್ಯವಾಗಿ ಲೇತ್, ಅಂದರೆ ಶಾಫ್ಟ್, ಬುಷ್, ಥ್ರೆಡ್, ಗುಂಡಗಿರುವುದೆಲ್ಲ. ಮಷಿನಿಸ್ಟ್ ಟ್ರೇಡ್‌ನಲ್ಲಿ ಲೇತ್ ಜೊತೆಗೆ ಮಿಲ್ಲಿಂಗ್, ಸ್ಲಾಟಿಂಗ್, ಗ್ರೈಂಡಿಂಗ್ ಬರುತ್ತದೆ. ಚಪ್ಪಟೆ ಮುಖ, ಕೀವೇ, ಗೇರ್ ಹಲ್ಲು ಎಲ್ಲ ಅಲ್ಲಿ ಕಲಿಯುತ್ತೀಯ. ನನ್ನನ್ನು ಕೇಳಿದರೆ ಮಷಿನಿಸ್ಟ್. ಸಿಗದಿದ್ದರೆ ಟರ್ನರ್. ಅದೂ ಸಿಗದಿದ್ದರೆ ಫಿಟ್ಟರ್ ತಗೊಂಡು, ಮಷಿನ್ ಖಾಲಿ ಇದ್ದಾಗೆಲ್ಲ ಅದರ ಹತ್ತಿರ ನಿಲ್ಲು.

ಆದರೆ ಟ್ರೇಡ್ ಹೆಸರಿಗಿಂತ ಯಾವ ಐಟಿಐ ಅನ್ನೋದು ದೊಡ್ಡ ವಿಷಯ. ಅರ್ಜಿ ಹಾಕುವ ಮೊದಲು ಒಂದು ದಿನ ಹೋಗಿ ವರ್ಕ್‌ಶಾಪ್ ನೋಡು. ಲೇತ್ ಎಷ್ಟಿವೆ ಅಂತ ಎಣಿಸಬೇಡ, ಎಷ್ಟು ಓಡುತ್ತಿವೆ ಅಂತ ನೋಡು. ಟ್ರೇಯಲ್ಲಿ ಚಿಪ್ಸ್, ಅಂದರೆ ಕತ್ತರಿಸಿದ ಲೋಹದ ಚೂರು, ಬಿದ್ದಿರಬೇಕು. ಚಿಪ್ಸ್ ಇಲ್ಲದೆ ಬರೀ ಕುಂಕುಮ, ಒಣಗಿದ ಹೂವಿನ ಹಾರ ಕಂಡರೆ ಅದು ಆಯುಧ ಪೂಜೆ ದಿನ ಮಾತ್ರ ಆನ್ ಆಗುವ ಮಷಿನ್ ಅಂತಲೇ ಅರ್ಥ. ಆಮೇಲೆ ಆ ಸಂಸ್ಥೆಯ ಆ ಟ್ರೇಡ್‌ಗೆ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆಯಾ ಕೇಳು. ರೈಲ್ವೆ, ಎಚ್‌ಎಎಲ್ ಥರದ ಕಡೆ ಅಪ್ರೆಂಟಿಸ್‌ಗೆ ಹೋಗುವಾಗ ಆ ಸರ್ಟಿಫಿಕೇಟ್ ಕೇಳುತ್ತಾರೆ.

ಇನ್ನೊಂದು ಮಾತು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. ಅಲ್ಲಿ ಅಡ್ವಾನ್ಸ್ಡ್ ಸಿಎನ್‌ಸಿ ಮಷಿನಿಂಗ್ ಟೆಕ್ನಿಷಿಯನ್ ಅಂತ ಎರಡು ವರ್ಷದ ಟ್ರೇಡ್ ಇದೆ. ಹತ್ತಿರದಲ್ಲಿ ಇದ್ದರೆ ಅದನ್ನೂ ನೋಡಿಕೊಂಡು ಬಾ.

ಮಗನನ್ನು ಬೆಳಗಾವಿ ಜಿಟಿಟಿಸಿಗೆ ಹಾಕಿ ಅಂತ ಅವನ ಮೇಷ್ಟ್ರು ಹೇಳ್ತಾರೆ. ನಾಲ್ಕು ವರ್ಷ ಅಂತೆ. ಐಟಿಐ ಆದರೆ ಎರಡೇ ವರ್ಷ. ಬೇಗ ದುಡಿಯಲಿ ಅನ್ನೋದು ನಮ್ಮ ಆಸೆ. ಏನು ಮಾಡೋದು? (ಗೋಕಾಕ)

ಅಕ್ಕಾ, ಮೇಷ್ಟ್ರು ಹೇಳಿದ್ದು ಒಳ್ಳೆಯ ಮಾತು. ಜಿಟಿಟಿಸಿ ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಶುರುವಾಗಿದ್ದು 1972ರಲ್ಲಿ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಅಲ್ಲೇ ಕಲಿಕೆ, ಕೊನೆಯ ಒಂದು ವರ್ಷ ಫ್ಯಾಕ್ಟರಿಯಲ್ಲಿ ತರಬೇತಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಬಾಟಲಿ ಮುಚ್ಚಳ ಇರಲಿ, ಕಾರಿನ ಬಾಗಿಲಿನ ತಗಡು ಇರಲಿ, ಅದಕ್ಕೊಂದು ಅಚ್ಚು ಬೇಕಲ್ವಾ? ಆ ಅಚ್ಚು ಮಾಡುವವರೇ ಟೂಲ್ ಅಂಡ್ ಡೈ ಮೇಕರ್. ಲೋಹದ ಕೆಲಸದಲ್ಲಿ ಇದಕ್ಕಿಂತ ಸೂಕ್ಷ್ಮದ ಕೈಕೆಲಸ ಕಡಿಮೆ.

ಆದರೆ ನಿಮ್ಮ ಲೆಕ್ಕವನ್ನು ಒಂಚೂರು ತಿದ್ದಬೇಕು. ಐಟಿಐ ಎರಡೇ ವರ್ಷ ಹೌದು. ಆಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡದೆ ಕೆಲಸಕ್ಕೆ ಹೋದವನು ಹೆಲ್ಪರ್ ಆಗಿಯೇ ಉಳಿಯುವ ಸಾಧ್ಯತೆ ಜಾಸ್ತಿ. ಅಂದರೆ ಮೂರು ವರ್ಷ ಇಟ್ಟುಕೊಳ್ಳಿ. ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಒಂದೇ ವರ್ಷ. ಆ ಒಂದು ವರ್ಷ ಮನೆ ತಡೆದುಕೊಳ್ಳುತ್ತದೆ ಅನ್ನೋದಾದರೆ ಜಿಟಿಟಿಸಿ. ಇಲ್ಲವೇ ಇಲ್ಲ ಅಂದರೆ ಐಟಿಐ ಮಷಿನಿಸ್ಟ್, ಆಮೇಲೆ ಅಪ್ರೆಂಟಿಸ್. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಮಷಿನ್ ಶಾಪ್ ಬೇಕಾದಷ್ಟಿವೆ, ಊರು ಬಿಟ್ಟು ದೂರ ಹೋಗುವ ಅಗತ್ಯವೂ ಬೀಳದಿರಬಹುದು.

ಎನ್‌ಟಿಟಿಎಫ್ ಬಗ್ಗೆಯೂ ಕೇಳಿದ್ದೀರಿ. ಅದು ನೆಟ್ಟೂರು ಟೆಕ್ನಿಕಲ್ ಟ್ರೈನಿಂಗ್ ಫೌಂಡೇಶನ್, ಸ್ವಿಸ್ ನೆರವಿನಿಂದ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಶುರುವಾಗಿದ್ದು, ಬೆಂಗಳೂರಿನ ಪೀಣ್ಯದಲ್ಲೂ ಇದೆ. ಕಲಿಕೆ ಚೆನ್ನಾಗಿದೆ, ಆದರೆ ಅದು ಸರ್ಕಾರಿ ಅಲ್ಲ, ಫೀಸು ಕೇಳಿಕೊಂಡೇ ಮುಂದುವರಿಯಿರಿ.

ಐಟಿಐ ಎರಡನೇ ವರ್ಷ. ನಮ್ಮಲ್ಲಿ ಲೇತ್‌ಗಳಿವೆ, ಆದರೆ ನಡೆಯೋದು ಎರಡೇ. ಒಂದರ ಮುಂದೆ ಹತ್ತು ಜನ. ನನ್ನ ಸರದಿ ಬರುವಷ್ಟರಲ್ಲಿ ಬೆಲ್ ಹೊಡೀತಾರೆ. ಹೊರಗೆ ಹೋದರೆ ಏನೂ ಬರಲ್ಲ ಅಂತ ಭಯ ಆಗ್ತಿದೆ. (ಚಿತ್ರದುರ್ಗ)

ನಿನ್ನದೊಬ್ಬನದಲ್ಲ, ಈ ಥರದ ಪತ್ರ ಇನ್ನೂ ಬಂದಿವೆ. ಸಂಸ್ಥೆಯನ್ನು ಬೈದು ಪ್ರಯೋಜನ ಇಲ್ಲ, ಬೈಯುವುದಾದರೆ ಎಲ್ಲರೂ ಸೇರಿ ಬರವಣಿಗೆಯಲ್ಲಿ ಪ್ರಿನ್ಸಿಪಾಲರಿಗೆ ಕೊಡಿ. ಅದು ಆಗುವವರೆಗೆ ಮಷಿನ್ ಇಲ್ಲದೆಯೂ ಕಲಿಯಬಹುದಾದದ್ದು ತುಂಬಾ ಇದೆ. ಹೊರಗೆ ಇಂಟರ್‌ವ್ಯೂನಲ್ಲಿ ಹುಡುಗರು ಬೀಳುವುದೂ ಅಲ್ಲೇ.

ಮೊದಲನೆಯದು ಅಳತೆ. ವರ್ನಿಯರ್‌ನಲ್ಲಿ 0.02 ಮಿ.ಮೀ. ತನಕ ಓದಬಹುದು. ಮೈಕ್ರೋಮೀಟರ್‌ನಲ್ಲಿ ಥಿಂಬಲ್ (ತಿರುಗುವ ಕೊಳವೆ) ಒಂದು ಸುತ್ತು ತಿರುಗಿದರೆ ಅರ್ಧ ಮಿ.ಮೀ., ಅದರ ಮೇಲೆ 50 ಗೆರೆ, ಹಾಗಾಗಿ ಒಂದು ಗೆರೆ ಅಂದರೆ 0.01. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿರುತ್ತಾರೆ, ಕೈಗೆ ಮೈಕ್ರೋಮೀಟರ್ ಕೊಟ್ಟರೆ 12.37ನ್ನು 12.87 ಅಂತ ಓದುತ್ತಾರೆ. ಅರ್ಧ ಮಿ.ಮೀ. ಗೆರೆ ಕಂಡಿತೋ ಇಲ್ಲವೋ ಅನ್ನೋದರಲ್ಲಿ ಎಡವುತ್ತಾರೆ. ಒಂದೇ ಪಿನ್ನನ್ನು ನಾಲ್ಕು ಜನ ಸ್ನೇಹಿತರು ಬೇರೆ ಬೇರೆಯಾಗಿ ಅಳೆದು ಚೀಟಿಯಲ್ಲಿ ಬರೆಯಿರಿ, ಆಮೇಲೆ ತೆರೆದು ನೋಡಿ. ನಾಲ್ಕೂ ಒಂದೇ ಬರುವ ತನಕ ಬಿಡಬೇಡಿ. ರ‍್ಯಾಚೆಟ್ (ಬಿಗಿ ಸಾಕಾದಾಗ ಜಾರುವ ತುದಿಯ ಹಿಡಿ) ಬಿಟ್ಟು ಥಿಂಬಲ್ಲನ್ನೇ ಹಿಡಿದು ಬಿಗಿ ಮಾಡುವವನ ಅಳತೆ ಯಾವಾಗಲೂ ಕಡಿಮೆ ಬರುತ್ತದೆ, ಅದೂ ಆಗ ಗೊತ್ತಾಗುತ್ತದೆ.

ಎರಡನೆಯದು ಡ್ರಾಯಿಂಗ್. 25 h7 ಅಂತ ಬರೆದಿದ್ದರೆ ಏನರ್ಥ? 25.000ಕ್ಕಿಂತ ದೊಡ್ಡದಾಗುವಂತಿಲ್ಲ, 24.979ಕ್ಕಿಂತ ಚಿಕ್ಕದಾಗುವಂತಿಲ್ಲ. 21 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.) ಜಾಗದಲ್ಲಿ ನೀನು ನಿಲ್ಲಬೇಕು. ಅದೇ ಇಂಗ್ಲಿಷ್ ಅಕ್ಷರ ದೊಡ್ಡದಾಗಿ 25 H7 ಅಂತ ಇದ್ದರೆ ಅದು ತೂತು, 25.000ರಿಂದ 25.021. ಈ ದೊಡ್ಡ ಅಕ್ಷರ, ಚಿಕ್ಕ ಅಕ್ಷರದ ವ್ಯತ್ಯಾಸ ಗೊತ್ತಿರುವ ಹುಡುಗ ಇಂಟರ್‌ವ್ಯೂನಲ್ಲಿ ಅರ್ಧ ಗೆದ್ದ ಹಾಗೆ.

ಮೂರನೆಯದು ಸ್ಪೀಡ್ ಲೆಕ್ಕ. ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, 3.14 ಮತ್ತು ಜಾಬ್‌ನ (ಮಷಿನ್‌ಗೆ ಹಾಕಿದ ತುಂಡಿನ) ವ್ಯಾಸದಿಂದ ಭಾಗಿಸಿದರೆ ಆರ್‌ಪಿಎಂ. 50 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್, ನಿಮಿಷಕ್ಕೆ 30 ಮೀಟರ್ ಅಂದುಕೋ. ಸುಮಾರು 190 ಆರ್‌ಪಿಎಂ ಬರುತ್ತದೆ. ಅದೇ ರಾಡ್‌ಗೆ ಕಾರ್ಬೈಡ್ ಇನ್ಸರ್ಟ್ (ಬದಲಾಯಿಸಬಹುದಾದ ಗಟ್ಟಿ ಕಟಿಂಗ್ ತುಂಡು) ಹಾಕಿ ನಿಮಿಷಕ್ಕೆ 180 ಮೀಟರ್ ಇಟ್ಟರೆ ಸುಮಾರು 1150. ಹಳೇ ಲೇತ್‌ನಲ್ಲಿ ಕಾರ್ಬೈಡ್ ಯಾಕೆ ಸರಿಯಾಗಿ ಕೆಲಸ ಮಾಡಲ್ಲ, ಎಚ್‌ಎಸ್‌ಎಸ್ ಟೂಲನ್ನು ಜೋರಾಗಿ ಓಡಿಸಿದರೆ ತುದಿ ಯಾಕೆ ಸುಟ್ಟು ನೀಲಿ ಆಗುತ್ತದೆ ಅನ್ನೋದು ಈ ಎರಡು ಸಂಖ್ಯೆಯಲ್ಲೇ ಇದೆ.

ಇಷ್ಟು ಮಾಡಿಕೊಂಡು ಭಾನುವಾರ ನಿಮ್ಮೂರಿನ ಯಾವುದಾದರೂ ಲೇತ್ ವರ್ಕ್ಸ್‌ಗೆ ಹೋಗು. ತಾಲ್ಲೂಕಿಗೆ ಒಂದಾದರೂ ಇರುತ್ತದೆ, ಗ್ಯಾರೇಜ್, ವೆಲ್ಡಿಂಗ್ ಅಂಗಡಿ ಪಕ್ಕದಲ್ಲಿ. ಮೊದಲು ಗುಡಿಸು ಅಂತಾರೆ, ಗುಡಿಸು. ಅಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಒಂದೇ, ಎಚ್‌ಎಸ್‌ಎಸ್ ಟೂಲ್ ಬಿಟ್ಟನ್ನು ಗ್ರೈಂಡರ್‌ನಲ್ಲಿ ಸಾಣೆ ಹಿಡಿಯೋದು. ಸಾಣೆ ಹಿಡಿದ ಕೈಗೆ ಟೂಲ್ ಯಾಕೆ ಕತ್ತರಿಸುತ್ತದೆ, ಯಾಕೆ ಉಜ್ಜುತ್ತದೆ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್, ಮೂರು ವರ್ಷ ಆಯ್ತು. ಜಾಬ್ ಹಾಕು, ಡೋರ್ ಮುಚ್ಚು, ಹಸಿರು ಬಟನ್ ಒತ್ತು, ಜಾಬ್ ತೆಗಿ. ಇದೇ ಆಯ್ತು. ಮೂರು ತಿಂಗಳ ಪ್ರೋಗ್ರಾಮಿಂಗ್ ಕೋರ್ಸ್‌ಗೆ ಮೂವತ್ತು ಸಾವಿರ ಕೇಳ್ತಾರೆ. ಸೇರಲಾ? (ಲಗ್ಗೆರೆ, ಬೆಂಗಳೂರು)

ಈಗಲೇ ಸೇರಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪ್ರೋಗ್ರಾಮಿಂಗ್ ಅಂದರೆ ಏನೋ ದೊಡ್ಡದು ಅಂತ ಹುಡುಗರು ಅಂದುಕೊಳ್ಳುತ್ತಾರೆ. ಲೇತ್ ಮಟ್ಟಿಗೆ ಅದು ಸುಲಭದ ಭಾಗ. ಜಿ00 ಖಾಲಿ ಓಟ, ಜಿ01 ನೇರ ಕಟ್, ಜಿ02 ಮತ್ತು ಜಿ03 ಕಮಾನು, ಜಿ71 ರಫಿಂಗ್, ಜಿ76 ಥ್ರೆಡ್, ಎಂ03 ಸ್ಪಿಂಡಲ್ ಓಡು, ಎಂ08 ಕೂಲೆಂಟ್ ಬಿಡು, ಎಂ30 ಮುಗೀತು. ಫ್ಯಾನುಕ್ ಕಂಪನಿಯ ಕಂಟ್ರೋಲ್ ಆದರೆ ನೀವು ದಿನಾ ನೋಡುವ ಪ್ರೋಗ್ರಾಂನಲ್ಲಿ ಹೆಚ್ಚುಕಡಿಮೆ ಇವೇ ಇರುತ್ತವೆ. ಡ್ರಾಯಿಂಗ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೊಂದಿಸಿ ನೋಡಿದರೆ ಟೀ ಬ್ರೇಕ್‌ಗಳಲ್ಲೇ ಓದಲು ಬರುತ್ತದೆ.

ಅನ್ನ ಹುಟ್ಟುವುದು ಸೆಟ್ಟಿಂಗ್‌ನಲ್ಲಿ. ಸಾಫ್ಟ್ ಜಾ (ಜಾಬ್ ಹಿಡಿಯುವ ಮೆತ್ತನೆ ದವಡೆ) ಬೋರ್ ಮಾಡೋದು, ಟೂಲ್ ಕಟ್ಟೋದು, ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಅನ್ನುವ ಅಂಕಿ) ತೆಗೆಯೋದು, ಮೊದಲ ಪೀಸ್ ಹುಷಾರಾಗಿ ತೆಗೆದು ಡ್ರಾಯಿಂಗ್‌ಗೆ ತರೋದು. ಈ ಕೆಲಸ ಬರುವವನನ್ನು ಕಂಪನಿ ಸುಲಭಕ್ಕೆ ಬಿಡಲ್ಲ. ಇದು ಕ್ಲಾಸ್‌ರೂಮಿನ ಕಂಪ್ಯೂಟರ್ ಮುಂದೆ ಬರುವ ವಿದ್ಯೆ ಅಲ್ಲ, ನಿಮ್ಮ ಸೆಟ್ಟರ್ ಪಕ್ಕ ನಿಂತರೆ ಬರುವುದು. ಅವರು ಹೇಳಿಕೊಡಲ್ಲ ಅಂತೀರಾ? ಸುಮ್ನೆ ನಿಂತು ಕೇಳಿದರೆ ಹೇಳಿಕೊಡಲ್ಲ, ನಿಜ. ಅವರ ಶಿಫ್ಟ್ ಮುಗಿಯುವ ಹೊತ್ತಿಗೆ ಸೆಟ್ಟಿಂಗ್ ಬಿದ್ದರೆ ನಾನೂ ಇರ್ತೀನಿ ಅಣ್ಣಾ, ಟೂಲ್ ಕೊಡ್ತೀನಿ ಅಂದು ನೋಡಿ. ಮನೆಗೆ ಬೇಗ ಹೋಗುವ ಆಸೆ ಯಾವ ಸೆಟ್ಟರ್‌ಗೆ ಇಲ್ಲ?

ಇವತ್ತಿಂದಲೇ ಮಾಡಬಹುದಾದ್ದು ಇನ್ಸರ್ಟ್ ಡಬ್ಬಿ ಓದೋದು. ಸಿಎನ್‌ಎಂಜಿ 120408 ಅಂತ ಇರುತ್ತದಲ್ಲ, ಅದು ಸುಮ್ನೆ ಪಾರ್ಟ್ ನಂಬರ್ ಅಲ್ಲ. ಮೊದಲ ಸಿ ಅಂದರೆ 80 ಡಿಗ್ರಿ ವಜ್ರಾಕಾರ. 12 ಅಂಚಿನ ಉದ್ದ. 04 ದಪ್ಪ. ಕೊನೆಯ 08 ಅಂದರೆ ತುದಿಯ ರೇಡಿಯಸ್ 0.8 ಮಿ.ಮೀ. ಈ ರೇಡಿಯಸ್‌ಗೂ ಫೀಡ್‌ಗೂ (ಒಂದು ಸುತ್ತಿಗೆ ಟೂಲ್ ಮುಂದೆ ಹೋಗುವ ಮಿ.ಮೀ.) ಸೇರಿಯೇ ಫಿನಿಶ್ ಬರುವುದು. ಫೀಡ್‌ನ ವರ್ಗವನ್ನು ಎಂಟು ಪಟ್ಟು ರೇಡಿಯಸ್‌ನಿಂದ ಭಾಗಿಸಿದರೆ ಮೇಲ್ಮೈಯ ಏರಿಳಿತ ಸಿಗುತ್ತದೆ. 0.8 ರೇಡಿಯಸ್‌ಗೆ ಫೀಡ್ 0.2 ಇಟ್ಟರೆ ಸುಮಾರು 6 ಮೈಕ್ರಾನ್, 0.1 ಇಟ್ಟರೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಫೀಡ್ ಅರ್ಧಕ್ಕೆ ಇಳಿಸಿದರೆ ಗೆರೆ ಕಾಲು ಭಾಗಕ್ಕೆ ಇಳಿಯುತ್ತದೆ. ಫಿನಿಶ್ ಬರ್ತಿಲ್ಲ ಅಂದಾಗ ನಿಮ್ಮ ಸೆಟ್ಟರ್ ಯಾವುದನ್ನು ಮುಟ್ಟುತ್ತಾರೆ, ಯಾಕೆ ಅಂತ ಆಗ ಅರ್ಥ ಆಗುತ್ತದೆ.

ಆಮೇಲೆ ವೇರ್ ಆಫ್‌ಸೆಟ್, ಅಂದರೆ ಟೂಲ್ ಸವೆದದ್ದಕ್ಕೆ ಕೊಡುವ ತಿದ್ದುಪಡಿ. ಹೊರಗಿನ ವ್ಯಾಸ ತಿರುಗಿಸುವಾಗ ಇನ್ಸರ್ಟ್ ಸವೆದ ಹಾಗೆ ಜಾಬ್ ದಪ್ಪ ಆಗುತ್ತಾ ಹೋಗುತ್ತದೆ. 25 h7 ಜಾಬ್ 24.998 ಬಂತು ಅಂದುಕೊಳ್ಳಿ. ಲೆಕ್ಕಕ್ಕೆ ಪಾಸ್. ಆದರೆ ಮುಂದಿನ ಕೆಲವು ಪೀಸ್‌ನಲ್ಲಿ ಅದು 25 ದಾಟುತ್ತದೆ. ಬುದ್ಧಿವಂತ ಆಪರೇಟರ್ ರಿಜೆಕ್ಟ್ ಆಗುವ ತನಕ ಕಾಯಲ್ಲ, ಮಧ್ಯಕ್ಕೆ ತರುತ್ತಾನೆ, ಎಕ್ಸ್‌ನಲ್ಲಿ (ವ್ಯಾಸದ ದಿಕ್ಕು) ಮೈನಸ್ 0.008. ಎರಡು ಕಡೆ ಹುಷಾರಾಗಿರಿ. ಒಂದು, ಪ್ಲಸ್ ಮೈನಸ್. ಇನ್ನೊಂದು, ದಶಮಾಂಶದ ಚುಕ್ಕೆ. ಕೆಲವು ಫ್ಯಾನುಕ್ ಮಷಿನ್‌ಗಳಲ್ಲಿ ಚುಕ್ಕೆ ಇಡದೆ ಎಕ್ಸ್ 10 ಅಂತ ಬರೆದರೆ ಅದು 10 ಮಿ.ಮೀ. ಅಲ್ಲ, 10 ಮೈಕ್ರಾನ್ ಅಂತ ಓದಿಕೊಳ್ಳುತ್ತದೆ. ಅನುಮತಿ ಇಲ್ಲದೆ ಆಫ್‌ಸೆಟ್ ಪೇಜ್ ಮುಟ್ಟಲೇಬೇಡಿ, ಟರೆಟ್ (ಟೂಲ್‌ಗಳಿರುವ ತಲೆ) ಹೋಗಿ ಚಕ್‌ಗೆ (ಜಾಬ್ ಹಿಡಿದು ತಿರುಗುವ ಭಾಗ) ಹೊಡೆದರೆ ಮಾತು ಮೂವತ್ತು ಸಾವಿರದಲ್ಲಿ ನಿಲ್ಲಲ್ಲ.

ಇಷ್ಟೆಲ್ಲ ಮಾಡಿಯೂ ಆರು ತಿಂಗಳಲ್ಲಿ ಕಂಪನಿ ನಿಮ್ಮನ್ನು ಸೆಟ್ಟಿಂಗ್‌ಗೆ ಬಿಡದಿದ್ದರೆ ಕಂಪನಿ ಬದಲಾಯಿಸಿ. ಬದಲಾಯಿಸುವಾಗ ಸಂಬಳ ಒಂದನ್ನೇ ಕೇಳಬೇಡಿ, ಬ್ಯಾಚ್ ಎಷ್ಟು ದೊಡ್ಡದು ಅಂತ ಕೇಳಿ. ಒಂದೇ ಆಟೋ ಪಾರ್ಟ್ ತಿಂಗಳುಗಟ್ಟಲೆ ಓಡುವ ಕಡೆ ಸೆಟ್ಟಿಂಗ್ ಅನ್ನೋದೇ ಅಪರೂಪ. ಇಪ್ಪತ್ತು, ಐವತ್ತು ಪೀಸ್‌ನ ಜಾಬ್ ವರ್ಕ್ ಶಾಪ್‌ನಲ್ಲಿ ದಿನಕ್ಕೊಂದು ಸೆಟ್ಟಿಂಗ್ ಬೀಳುತ್ತದೆ. ಶೆಡ್ ಚಿಕ್ಕದು, ಕ್ಯಾಂಟೀನ್ ಇರಲ್ಲ, ಓನರ್ ತಲೆ ಮೇಲೇ ನಿಂತಿರುತ್ತಾರೆ. ಆದರೂ ಎರಡು ವರ್ಷ ಅಲ್ಲಿ ಕಳೆದವನು ಬೇರೆಯೇ ಕೆಲಸಗಾರ.

ಕೋರ್ಸ್ ಬೇಕೇ ಬೇಕು ಅಂದರೆ ಜಿಟಿಟಿಸಿಯಲ್ಲೂ ಅಲ್ಪಾವಧಿ ಸಿಎನ್‌ಸಿ ಕೋರ್ಸ್‌ಗಳಿವೆ, ಅದನ್ನು ಮೊದಲು ವಿಚಾರಿಸಿ. ಖಾಸಗಿಯವರ ಹತ್ತಿರ ಹೋದರೆ ಒಂದೇ ಪ್ರಶ್ನೆ ಸಾಕು: ನನ್ನ ಕೈಯಲ್ಲಿ ನಿಜವಾದ ಮಷಿನ್ ಎಷ್ಟು ಗಂಟೆ ಕೊಡ್ತೀರಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಅಲ್ಯೂಮಿನಿಯಂ ಫ್ಲಾಂಜ್, ಹೊರ ವ್ಯಾಸ 80 h7. ಮಷಿನ್ ಹತ್ತಿರ ಅಳೆದರೆ ಕರೆಕ್ಟ್. ಅರ್ಧ ಗಂಟೆ ಬಿಟ್ಟು ಕ್ವಾಲಿಟಿಯವರು ಅಳೆದರೆ ಅಂಡರ್‌ಸೈಜ್. ಬೈಸಿಕೊಳ್ಳೋದು ನಾನು. ಯಾರ ಮೈಕ್ರೋಮೀಟರ್ ಸರಿ? (ಬೊಮ್ಮಸಂದ್ರ)

ಇಬ್ಬರದ್ದೂ ಸರಿ ಇರಬಹುದು. ನಿಮ್ಮ ಜಾಬ್ ಬಿಸಿ ಇದೆ.

ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರ್‌ಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಸ್ಟೀಲ್ ಅದರ ಅರ್ಧದಷ್ಟು. ನಿಮ್ಮದು 80 ಮಿ.ಮೀ. ಕಟ್ ಆಗಿ ಹೊರಬಂದ ಜಾಬ್ ಕ್ವಾಲಿಟಿ ರೂಮಿಗಿಂತ 15 ಡಿಗ್ರಿ ಜಾಸ್ತಿ ಇದ್ದರೆ 27, 28 ಮೈಕ್ರಾನ್ ದಪ್ಪ ತೋರಿಸುತ್ತದೆ. 80 h7ಗೆ ಇರುವ ಒಟ್ಟು ಟಾಲರೆನ್ಸೇ 30 ಮೈಕ್ರಾನ್. ಬಿಸಿಯಲ್ಲೇ ಎಲ್ಲ ಹೋಯ್ತಲ್ಲ! ಅಳತೆಗೆ ಪ್ರಪಂಚದಲ್ಲೆಲ್ಲ 20 ಡಿಗ್ರಿಯೇ ಲೆಕ್ಕ, ಅದಕ್ಕೇ ಕ್ವಾಲಿಟಿ ರೂಮಿಗೆ ಎಸಿ, ನಿಮಗೆ ಫ್ಯಾನ್.

ಜಾಬ್ ತೆಗೆದ ತಕ್ಷಣ ಅಳೆಯಬೇಡಿ. ಒರೆಸಿ, ಸರ್ಫೇಸ್ ಪ್ಲೇಟ್ ಥರದ ದಪ್ಪ ಕಬ್ಬಿಣದ ಮೇಲೆ ಸ್ವಲ್ಪ ಹೊತ್ತು ಇಡಿ, ಬೇಗ ತಣಿಯುತ್ತದೆ. ಅಷ್ಟು ಹೊತ್ತು ಇಲ್ಲ ಅಂದರೆ ಒಂದೇ ಪೀಸನ್ನು ಬಿಸಿಯಲ್ಲೊಮ್ಮೆ, ತಣಿದ ಮೇಲೊಮ್ಮೆ ಅಳೆದು ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಅಷ್ಟನ್ನು ಬಿಸಿ ಅಳತೆಗೆ ಬಿಟ್ಟುಕೊಂಡು ಓಡಿಸಿ, ಕ್ವಾಲಿಟಿಯವರಿಗೂ ಆ ಕಾಗದ ತೋರಿಸಿ. ಮೈಕ್ರೋಮೀಟರನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ಅದೂ ಮೈ ಬಿಸಿಗೆ ಹಿಗ್ಗುತ್ತದೆ. ಇನ್ನೊಂದು, ಬೆಳಗ್ಗೆ ಮಷಿನ್ ತಣ್ಣಗಿರುವಾಗಲೇ ಸೈಜ್ ಹಿಡಿದರೆ ಸ್ಪಿಂಡಲ್ ಬಿಸಿಯಾದ ಮೇಲೆ ಅದು ತಪ್ಪುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಖಾಲಿ ಓಡಿಸಿ ಶುರು ಮಾಡಿ.

ಹುಡುಗಿಯರು ಟರ್ನರ್, ಮಷಿನಿಸ್ಟ್ ತಗೋಬಹುದಾ? ಮನೆಯಲ್ಲಿ ಕಂಪ್ಯೂಟರ್ ಆಪರೇಟರ್ ಕೋರ್ಸ್‌ಗೆ ಸೇರು ಅಂತಿದ್ದಾರೆ. (ಹಾಸನ)

ಧಾರಾಳವಾಗಿ. ಈಗಿನ ಸಿಎನ್‌ಸಿ ಶಾಪ್‌ಗಳಲ್ಲಿ, ಇನ್ಸ್‌ಪೆಕ್ಷನ್‌ನಲ್ಲಿ ಹೆಣ್ಣುಮಕ್ಕಳು ಕಾಣುತ್ತಾರೆ. ಭಾರದ ಜಾಬ್‌ಗೆ ಹಾಯಿಸ್ಟ್ ಇರುತ್ತದೆ, ಇರಬೇಕು ಕೂಡ. ಇಲ್ಲದ ಕಡೆ ಗಂಡು ಹುಡುಗರ ಸೊಂಟವೂ ಉಳಿಯಲ್ಲ.

ಮನೆಯವರ ಚಿಂತೆ ನೈಟ್ ಶಿಫ್ಟ್ ಬಗ್ಗೆ ಇರುತ್ತದೆ. ರಾಜ್ಯದಲ್ಲಿ 2019ರಿಂದ ಹೆಂಗಸರು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಲು ಅನುಮತಿ ಇದೆ, ಆದರೆ ಅವರ ಒಪ್ಪಿಗೆ ಬೇಕು, ಓಡಾಟಕ್ಕೆ ವಾಹನ ಕೊಡಬೇಕು ಅನ್ನುವ ಷರತ್ತುಗಳ ಜೊತೆಗೆ. ಸೇರುವಾಗಲೇ ಇದನ್ನು ಕೇಳಿ. ಶೌಚಾಲಯ ಕಣ್ಣಾರೆ ನೋಡಿ, ಇದೆ ಅಂತ ಹೇಳಿದ್ದನ್ನು ನಂಬಬೇಡಿ.

ಮಷಿನ್ ಮುಂದೆ ದುಪಟ್ಟಾ ಬೇಡ, ಬಳೆ ಬೇಡ, ಉಂಗುರ ಬೇಡ, ಜಡೆ ಸುತ್ತಿ ಕ್ಯಾಪ್ ಒಳಗೆ. ಇದು ಹುಡುಗಿಯರಿಗೆ ಮಾತ್ರ ಅಲ್ಲ, ಕೈಗೆ ದೇವರ ದಾರ, ಬೆಳ್ಳಿ ಕಡಗ ಹಾಕಿಕೊಂಡು ಲೇತ್ ಮುಂದೆ ನಿಲ್ಲುವ ಗಂಡುಮಕ್ಕಳಿಗೂ ಹೇಳುತ್ತಿದ್ದೇನೆ.

ಲೇತ್ ಓಡುವಾಗ ಗ್ಲೌಸ್ ಹಾಕಬೇಕಾ ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. (ಶಿವಮೊಗ್ಗ)

ಬೇಡ. ತಿರುಗುವ ಸ್ಪಿಂಡಲ್ ಹತ್ತಿರ ಗ್ಲೌಸ್ ಯಾವತ್ತೂ ಬೇಡ, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮಷಿನ್ ನಿಂತ ಮೇಲೆ ಚೂಪಾದ ಜಾಬ್ ಎತ್ತಲು ಹಾಕಿ. ಚಿಪ್ಸ್ ಕೈಯಲ್ಲಿ ಎಳೆಯಬೇಡಿ, ಕೊಕ್ಕೆ ಇಟ್ಟುಕೊಳ್ಳಿ. ಚಕ್ ಕೀ ಚಕ್‌ನಲ್ಲೇ ಬಿಟ್ಟು ಒಂದು ಕ್ಷಣವೂ ಆಚೆ ತಿರುಗಬೇಡಿ. ಕನ್ನಡಕ ಹಾಕಿ.

ಅಪ್ರೆಂಟಿಸ್‌ಗೆ ಎಷ್ಟು ಕೊಡ್ತಾರೆ? ಇನ್ನೊಂದು ಕಂಪನಿ ನೇರವಾಗಿ ಕೆಲಸ ಕೊಡ್ತೀವಿ, ಕೈಗೆ ಜಾಸ್ತಿ ಬರುತ್ತೆ ಅಂತಿದೆ. (ದಾವಣಗೆರೆ)

2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂ. ಅಂತ ಇಟ್ಟಿದ್ದರು, ಅದಕ್ಕಿಂತ ಜಾಸ್ತಿ ಕೊಡುವ ಕಂಪನಿಗಳೂ ಇವೆ. ಈಗಿನ ಮೊತ್ತವನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿ. ಹೆಸರು ನೋಂದಾಯಿಸುವುದೂ ಅಲ್ಲೇ. ನೋಂದಣಿ, ಒಪ್ಪಂದ ಇಲ್ಲದೆ ಅಪ್ರೆಂಟಿಸ್ ಅಂತ ಬಾಯಲ್ಲಿ ಹೇಳಿ ಸೇರಿಸಿಕೊಂಡರೆ ಕೊನೆಗೆ ಸರ್ಟಿಫಿಕೇಟ್ ಸಿಗಲ್ಲ.

ಕೈಗೆ ಜಾಸ್ತಿ ಬರುತ್ತೆ ಅನ್ನುವ ಕಂಪನಿಯನ್ನು ಕೇಳಿ: ಎಂಟು ಗಂಟೆಗೆ ಎಷ್ಟು? ತುಂಬಾ ಕಡೆ ಹನ್ನೆರಡು ಗಂಟೆ ಶಿಫ್ಟಿನ ಲೆಕ್ಕ ಹೇಳಿ ಆಸೆ ತೋರಿಸುತ್ತಾರೆ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಓಟಿಗೆ (ಹೆಚ್ಚುವರಿ ಗಂಟೆಗಳ ಕೆಲಸಕ್ಕೆ) ಎರಡು ಪಟ್ಟು ಕೊಡಬೇಕಿತ್ತು, ಸಿಂಗಲ್ ಓಟಿ ಅಂತ ನಡೆಸುವವರೇ ಜಾಸ್ತಿ. ಪಿಎಫ್, ಇಎಸ್‌ಐ (ನೌಕರರ ವಿಮೆ) ಇದೆಯಾ ಕೇಳಿ. ಲೋಹದ ಕೆಲಸದಲ್ಲಿ ಇಎಸ್‌ಐ ಇಲ್ಲದೆ ನಿಲ್ಲೋದು ದಡ್ಡತನ. ನನ್ನ ಮತ ಅಪ್ರೆಂಟಿಸ್ ಕಡೆಗೆ.

ಜರ್ಮನಿಯಲ್ಲಿ ಮಷಿನಿಸ್ಟ್ ತರಬೇತಿ ಕೊಟ್ಟು ಸಂಬಳವನ್ನೂ ಕೊಡ್ತಾರಂತೆ. ನಿಜವಾ? (ಉಡುಪಿ)

ನಿಜ. ಅಲ್ಲಿ ಮಷಿನಿಸ್ಟ್ ತರಬೇತಿ ಮೂರೂವರೆ ವರ್ಷ, ಒಂದಷ್ಟು ದಿನ ಕಂಪನಿ, ಒಂದಷ್ಟು ದಿನ ಶಾಲೆ, ಪ್ರತಿ ತಿಂಗಳು ಭತ್ಯೆ. ತೊಡಕು ಭಾಷೆಯದು. ಪಾಠ, ಪರೀಕ್ಷೆ ಎಲ್ಲ ಜರ್ಮನ್‌ನಲ್ಲಿ, ಬಿ1 ಮಟ್ಟವಾದರೂ ಬೇಕು, ಬಿ2 ಇದ್ದರೆ ಬದುಕಬಹುದು. ಭಾಷೆ ಇಲ್ಲದೆಯೇ ಕಳಿಸ್ತೀವಿ, ಇಷ್ಟು ಲಕ್ಷ ಕೊಡಿ ಅನ್ನುವ ಏಜೆಂಟ್‌ಗಳಿಂದ ದೂರ ಇರಿ.

ಇಪ್ಪತ್ತು ವರ್ಷ ಪುಣೆಯಲ್ಲಿ ಟರ್ನರ್ ಆಗಿದ್ದೆ. ಊರಿಗೆ ಬಂದು ಟ್ರ್ಯಾಕ್ಟರ್, ಟ್ರೈಲರ್, ಪಂಪ್ ಕೆಲಸಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲೇತ್ ಹಾಕೋಣ ಅಂತ ಇದ್ದೇನೆ. ಓಡಿಸಿ ಗೊತ್ತು, ಕೊಂಡು ಗೊತ್ತಿಲ್ಲ. (ಮುಧೋಳ)

ಕಬ್ಬಿನ ಸೀಮೆಯಲ್ಲಿ ಈ ಕೆಲಸಕ್ಕೆ ಬರ ಇಲ್ಲ, ಒಳ್ಳೆಯ ಯೋಚನೆ. ಹಳೇ ಎಚ್‌ಎಂಟಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ಈಗಲೂ ಮಾರಾಟಕ್ಕೆ ಸಿಗುತ್ತವೆ, ಸಿಕ್ಕರೆ ಮೊದಲು ಅವನ್ನೇ ನೋಡಿ. ಹೊಸ ಬಣ್ಣ ಹೊಡೆದದ್ದನ್ನು ಅನುಮಾನದಿಂದಲೇ ನೋಡಿ.

ಮುಖ್ಯವಾದದ್ದು ಬೆಡ್, ಅಂದರೆ ಕ್ಯಾರೇಜ್ (ಟೂಲ್ ಹೊತ್ತು ಸರಿಯುವ ಭಾಗ) ಓಡುವ ಹಾಸು. ಚಕ್ ಹತ್ತಿರದ ಜಾಗ ಯಾವಾಗಲೂ ಜಾಸ್ತಿ ಸವೆದಿರುತ್ತದೆ. ಕ್ಯಾರೇಜನ್ನು ಚಕ್ ಹತ್ತಿರ ತಂದು, ಆಡದ ಹಾಗೆ ಬಿಗಿ ಮಾಡಿ, ಆಮೇಲೆ ಟೇಲ್‌ಸ್ಟಾಕ್ ಕಡೆ ತಿರುಗಿಸಿಕೊಂಡು ಹೋಗಿ. ಮಧ್ಯದಲ್ಲಿ ಸಿಕ್ಕಿಕೊಂಡರೆ ಅಷ್ಟು ಸವೆತ ಇದೆ ಅಂತ. ಚಕ್‌ನಲ್ಲಿ ದಪ್ಪ ರಾಡ್ ಹಿಡಿದು 150 ಮಿ.ಮೀ. ಉದ್ದ ಹಗುರ ಕಟ್ ಹಾಕಿ ಎರಡೂ ತುದಿ ಅಳೆಯಿರಿ. ಎರಡು ಮೂರು ಗೆರೆ ವ್ಯತ್ಯಾಸ ಇದ್ದರೆ ಪಂಪ್ ಶಾಫ್ಟ್ ಕೆಲಸಕ್ಕೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಬೆಲೆ ಇಳಿಸಿ ಅಥವಾ ಬಿಡಿ. ಸ್ಪಿಂಡಲ್ ಮೇಲೆ ಡಯಲ್ ಇಟ್ಟು, ಚಕ್‌ನಲ್ಲಿರುವ ರಾಡನ್ನು ಮೇಲಕ್ಕೆ ಎತ್ತಿ ನೋಡಿ, ಮುಳ್ಳು ಎಷ್ಟು ಆಡುತ್ತದೆ ಅಂತ. ಅತಿ ಜೋರಿನ ಸ್ಪೀಡ್‌ನಲ್ಲಿ ಐದು ನಿಮಿಷ ಓಡಿಸಿ ಹೆಡ್‌ಸ್ಟಾಕ್ ಸದ್ದು ಕೇಳಿ. ಚಕ್ ಜಾ ಬಾಯಿ ಅಗಲ ಆಗಿದ್ದರೆ ಚಿಂತೆ ಬೇಡ, ಅದು ಬದಲಾಯಿಸುವ ಸಾಮಾನು.

ಕರೆಂಟಿಗೆ ಹೆಸ್ಕಾಂನಲ್ಲಿ ಕೈಗಾರಿಕೆ ಲೆಕ್ಕದ ತ್ರೀ ಫೇಸ್ ಸಂಪರ್ಕ ಮೊದಲೇ ಮಾಡಿಸಿ, ಹೊಲದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳುವ ಯೋಚನೆ ಬೇಡ. ಮತ್ತೆ ಮಾರುವವರ ಹತ್ತಿರ ಚೇಂಜ್ ಗೇರ್ ಸೆಟ್ ಪೂರ್ತಿ ಇದೆಯಾ ನೋಡಿ. ಶೆಡ್ ಖಾಲಿ ಮಾಡುವಾಗ ಅವು ಗುಜರಿಗೆ ಹೋಗಿರುತ್ತವೆ, ಅವಿಲ್ಲದಿದ್ದರೆ ಬೇಕಾದ ಥ್ರೆಡ್ ತೆಗೆಯಲು ಆಗಲ್ಲ, ಥ್ರೆಡ್ ಇಲ್ಲದ ಲೇತ್‌ಗೆ ಹಳ್ಳಿಯಲ್ಲಿ ಅರ್ಧ ಗಿರಾಕಿಗಳೂ ಬರಲ್ಲ. ಒಂದೊಂದಾಗಿ ಎಣಿಸಿ, ಹಲ್ಲು ಮುರಿದಿಲ್ಲ ಅಂತ ನೋಡಿಕೊಂಡು, ಆಮೇಲೆ ಲಾರಿಗೆ ಹತ್ತಿಸಿ.